ಐಸಿಡಿ-11ಕ್ಕೆ ನಮ್ಮ ಸಿಬ್ಬಂದಿಯನ್ನು ತಯಾರು ಮಾಡಿದ್ದು ಹೀಗೆ

ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೆಡಿಕಲ್ ರೆಕಾರ್ಡ್ಸ್ ನೋಡಿಕೊಳ್ಳುತ್ತೇನೆ. ಡಿಸ್ಚಾರ್ಜ್ ಆದ ಪ್ರತಿ ಫೈಲಿಗೂ ಕಾಯಿಲೆಯ ಕೋಡ್ ಹಾಕುವುದು ನಮ್ಮ ಕೆಲಸ. ಈ ಕೋಡ್‌ಗಳ ಜಾಗತಿಕ ಪಟ್ಟಿಯೇ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ; ಅದರ ಹೊಸ ಆವೃತ್ತಿ ಐಸಿಡಿ-11 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ನಮ್ಮಲ್ಲಿ ಇನ್ಶೂರೆನ್ಸ್‌ನವರು ಈಗಲೂ ಕೇಳುವುದು ಹಳೆಯ ಐಸಿಡಿ-10ನ್ನೇ. "ಮತ್ತೆ ಈಗ್ಲೇ ಯಾಕೆ ಕಲೀಬೇಕು ಮೇಡಂ?" ಎಂದು ನಮ್ಮ ಹುಡುಗಿಯರು ಕೇಳಿದರು. ಆದೇಶ ಬಂದ ಮೇಲೆ ಕಲಿಯಲು ಕೂತರೆ ಫೈಲುಗಳು ರಾಶಿ ಬೀಳುತ್ತವೆ, ಅದಕ್ಕೆ ಎಂದೆ.

ಸ್ಲೈಡ್ ಹಾಕಿ ಪಾಠ ಮಾಡಲಿಲ್ಲ. ನಮ್ಮದೇ ಹಳೆಯ ಫೈಲುಗಳನ್ನು ಕೊಟ್ಟು ಎರಡೂ ಕೋಡ್ ಬರೆಸಿದೆ. ಟೈಪ್ 2 ಸಕ್ಕರೆ ಕಾಯಿಲೆ ಇ11 ಇದ್ದದ್ದು 5ಎ11, ಬಿಪಿ ಐ10 ಇದ್ದದ್ದು ಬಿಎ00. ಐ10 ಅನ್ನು ಅವಸರದಲ್ಲಿ ಬರೆದರೆ ನೂರಹತ್ತು ಎಂದೇ ಕಾಣುತ್ತದೆ. ಹೊಸದರಲ್ಲಿ ಐ, ಓ ಅಕ್ಷರಗಳನ್ನು ಬಳಸುವುದೇ ಇಲ್ಲ. ಹಿರಿಯ ಕ್ಲರ್ಕ್ ಒಬ್ಬರು ಒಪ್ಪಿಕೊಂಡದ್ದೇ ಇದನ್ನು ಕೇಳಿದ ಮೇಲೆ!

ಕೋಡ್ ಬಾಯಿಪಾಠ ಬೇಡ, ಹುಡುಕುವುದನ್ನು ಕಲಿಯಿರಿ ಎಂದು ಹೇಳಿದ್ದೆ. ಐಸಿಡಿ-11ರ ಹುಡುಕುವ ಸಾಫ್ಟ್‌ವೇರಿನಲ್ಲಿ ಮೊದಲು ಮಂಗನ ಕಾಯಿಲೆಯನ್ನು, ಅಂದರೆ ಕ್ಯಾಸನೂರು ಕಾಡಿನ ಕಾಯಿಲೆಯನ್ನು ಹುಡುಕಿಸಿದೆ. ಹಳೆಯ ಕೋಡ್ ಎ98.2 ಎಲ್ಲರಿಗೂ ಗೊತ್ತು. 1957ರಲ್ಲಿ ಸೊರಬ ತಾಲೂಕಿನಲ್ಲಿ ಪತ್ತೆಯಾದ ಕಾಯಿಲೆ ಅಲ್ವಾ, ಕ್ಯಾಸನೂರು ಎಂದು ಟೈಪ್ ಮಾಡಿದರೆ ಜಗತ್ತಿನ ಪಟ್ಟಿಯಲ್ಲಿ ನಮ್ಮೂರಿನ ಹೆಸರು ಬರುತ್ತದೆ. ಸೊರಬದ ಹುಡುಗಿಗಂತೂ ಖುಷಿಯೋ ಖುಷಿ. ಈ ಹುಡುಕುವ ಸಾಫ್ಟ್‌ವೇರನ್ನು ನಮ್ಮ ಸರ್ವರ್‌ಗೇ ಹಾಕಿಸಿಕೊಂಡೆವು. ಮಳೆಗಾಲದಲ್ಲಿ ಇಲ್ಲಿನ ಇಂಟರ್ನೆಟ್ ನಂಬಿ ಕೂರುವ ಹಾಗಿಲ್ಲ.

ನಿಜವಾದ ಕಷ್ಟ ಇದ್ದದ್ದು ಡಾಕ್ಟರುಗಳ ಬರವಣಿಗೆಯಲ್ಲಿ. ಅಡಿಕೆ ಕೊಯ್ಲಿನ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಮರದಿಂದ ಬಿದ್ದ ಕೊನೆಗಾರರು ಬರುತ್ತಾರೆ. ಕೇಸ್ ಶೀಟಿನಲ್ಲಿ 'ಮುಂಗೈ ಮೂಳೆ ಮುರಿತ' ಅಷ್ಟೇ ಇರುತ್ತದೆ. ಹಳೆಯ ಪದ್ಧತಿಯಲ್ಲಿ ಮುರಿತದ ಕೋಡಿನ ಜೊತೆ ಮರದಿಂದ ಬಿದ್ದದ್ದಕ್ಕೆ ಡಬ್ಲ್ಯೂ14 ಸೇರಿಸಿದರೆ ಮುಗಿಯಿತು. ಹೊಸದರಲ್ಲಿ ಮುಖ್ಯ ಕೋಡಿಗೆ ಎಕ್ಸ್‌ನಿಂದ ಶುರುವಾಗುವ ಬಾಲ ಜೋಡಿಸಬಹುದು. ಬಲಕ್ಕೆ ಎಕ್ಸ್‌ಕೆ9ಕೆ, ಎಡಕ್ಕೆ ಎಕ್ಸ್‌ಕೆ8ಜಿ. ಯಾವ ಕೈ ಎಂದೇ ಬರೆದಿಲ್ಲದಿದ್ದರೆ ಏನು ಜೋಡಿಸುವುದು?

"ಎಕ್ಸ್‌ರೇ ನೋಡಿದ್ರೆ ಗೊತ್ತಾಗತ್ತಲ್ಲಮ್ಮ" ಎಂದರು ಮೂಳೆ ಡಾಕ್ಟರ್.

"ಕೋಡ್ ಹಾಕೋರಿಗೆ ಎಕ್ಸ್‌ರೇ ಓದೋಕೆ ಬರಲ್ಲ ಸರ್" ಎಂದೆ. ನಕ್ಕರು.

ಡಾಕ್ಟರುಗಳಿಗೆ ತರಬೇತಿ ಇಟ್ಟರೆ ಬರುವವರು ಕಡಿಮೆ. ಅದಕ್ಕೇ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿದೆ: ಎಡ, ಬಲ, ಎರಡೂ, ಹೇಗಾಯಿತು, ಎಲ್ಲಾಯಿತು. ಅಡ್ಮಿಷನ್ ಹೊತ್ತಲ್ಲೇ ವಾರ್ಡ್ ಸಿಸ್ಟರ್ ರೋಗಿಯನ್ನು ಕೇಳಿ ಟಿಕ್ ಹಾಕುತ್ತಾರೆ, ಡಾಕ್ಟರ್ ನೋಡಿ ಸಹಿ ಮಾಡುತ್ತಾರೆ. ನನ್ನನ್ನು ಕೇಳಿದರೆ, ಇಡೀ ತಯಾರಿಯಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಈ ಸ್ಟ್ಯಾಂಪೇ. ಐಸಿಡಿ-10 ಕೋಡಿಂಗ್‌ಗೂ ಈಗ ನಾವು ವಾರ್ಡಿಗೆ ಫೋನ್ ಮಾಡುವುದು ಕಡಿಮೆಯಾಗಿದೆ.

ಇನ್ನೊಂದು ತೊಡಕು ಹಾಗೇ ಇದೆ. ಜೋಡಿಸಿದ ಕೋಡ್ ಉದ್ದವಾಗುತ್ತದೆ, ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನ ಕೋಡ್ ಕಾಲಂನಲ್ಲಿ ಅಷ್ಟು ಜಾಗವಿಲ್ಲ. ಸಾಫ್ಟ್‌ವೇರಿನವರಿಗೆ ಹೇಳಿದ್ದೇವೆ. ಅಲ್ಲಿಯವರೆಗೆ ಹೊಸ ಕೋಡನ್ನು ಷರಾ ಕಾಲಂನಲ್ಲಿ ಬರೆಯುತ್ತಿದ್ದೇವೆ.