ಕರಾವಳಿಯಲ್ಲಿ ಶ್ರವಣ ಸಾಧನ ಕೊಳ್ಳುವವರಿಗೆ

ಮನೆಯ ಹಿರಿಯರಿಗೆ ಶ್ರವಣ ಸಾಧನ ಕೊಳ್ಳುವ ಮೊದಲು ಕಿವಿ ವೈದ್ಯರಿಗೆ ತೋರಿಸಿ, ಸಾಮಾನ್ಯವಾಗಿ 250ರಿಂದ 8000 ಹರ್ಟ್ಸ್‌ವರೆಗೆ ನಡೆಯುವ ಶ್ರವಣ ಪರೀಕ್ಷೆಯನ್ನು ಮಾಡಿಸಬೇಕು. ಏಕೆಂದರೆ ಡಿಜಿಟಲ್ ಸಾಧನವನ್ನು ಆ ಪರೀಕ್ಷೆಯ ಫಲಿತಾಂಶದ ನಕ್ಷೆಯಾದ ಆಡಿಯೋಗ್ರಾಮ್ ನೋಡಿ, ಯಾವ ಸ್ವರಮಟ್ಟದಲ್ಲಿ ಎಷ್ಟು ಕೊರತೆಯಿದೆಯೋ ಅದಕ್ಕೆ ತಕ್ಕಷ್ಟೇ ಸದ್ದು ಹೆಚ್ಚಿಸುವಂತೆ ಕಂಪ್ಯೂಟರಿನಲ್ಲಿ ಹೊಂದಿಸಲಾಗುತ್ತದೆ. ಪರೀಕ್ಷೆಯಿಲ್ಲದೆ ಸಿಗುವ ಅಗ್ಗದ ಧ್ವನಿವರ್ಧಕಗಳಿಗೆ ಈ ವಿವೇಚನೆಯಿಲ್ಲ. ಅವು ಮಾತಿನೊಂದಿಗೆ ಮೀನು ಮಾರುಕಟ್ಟೆಯ ಗದ್ದಲವನ್ನೂ ಏರಿಸುತ್ತವೆ.

ಕಾರವಾರ, ಕುಮಟಾ, ಭಟ್ಕಳದಂತಹ ಊರುಗಳಲ್ಲಿ ಚಾನೆಲ್‌ಗಳ (ಸದ್ದನ್ನು ಸ್ವರಮಟ್ಟಕ್ಕೆ ತಕ್ಕಂತೆ ವಿಂಗಡಿಸಿ ಹೊಂದಿಸುವ ಭಾಗಗಳ) ಸಂಖ್ಯೆಗಿಂತ ತೇವ ತಡೆಯುವ ಗುಣವೇ ಮುಖ್ಯವೆಂಬುದು ನನ್ನ ಅಭಿಪ್ರಾಯ. ದೂಳು, ನೀರು ಒಳಹೋಗದಂತೆ ತಡೆಯುವ ಐಪಿ68 ದರ್ಜೆಯ ಸಾಧನವನ್ನು ಕೇಳಿ ಪಡೆಯಿರಿ. ರಾತ್ರಿ ಅದನ್ನು ಒರೆಸಿ ತೇವ ಹೀರುವ ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿಡಿ; ಜಿಂಕ್-ಏರ್ ಬ್ಯಾಟರಿಯಾಗಿದ್ದರೆ, ಅದು ಒಣಗಿ ಬೇಗ ಕೆಡುವುದರಿಂದ, ಮೊದಲೇ ಹೊರತೆಗೆದು ಬೇರೆಯಾಗಿಡಿ. ಹಣ ಕೊಡುವ ಮುನ್ನ ಕೆಲವು ದಿನ ಮನೆಯಲ್ಲಿ ಬಳಸಿ ನೋಡಲು ಅವಕಾಶವಿದೆಯೇ, ಮರುಹೊಂದಾಣಿಕೆಗೆ ಶುಲ್ಕವೆಷ್ಟು ಎಂದು ವಿಚಾರಿಸಿಕೊಳ್ಳಿ.