ಊರಿನ ಸಂಕಟ ಸಂಸತ್ತಿನಲ್ಲಿ ಕೇಳಿಸಬೇಕೆ? ನಿಯಮದ ದಾರಿ ಹೀಗಿದೆ

ಅಧಿವೇಶನ ಹತ್ತಿರ ಬಂತೆಂದರೆ ಸಂಸದರ ಕಚೇರಿಗಳಲ್ಲಿ ಮನವಿ ಪತ್ರಗಳು ರಾಶಿ ಬೀಳುತ್ತವೆ. ರೈತ ಸಂಘದವರು, ವರ್ತಕರ ಸಂಘದವರು, ರೈಲು ಪ್ರಯಾಣಿಕರ ವೇದಿಕೆಯವರು ಬರುತ್ತಾರೆ, ಹಾರ ಹಾಕುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ‘ಇದನ್ನು ಪಾರ್ಲಿಮೆಂಟಲ್ಲಿ ಎತ್ತಬೇಕು ಸಾರ್’ ಎಂದು ಲಕೋಟೆ ಕೊಟ್ಟು ಹೋಗುತ್ತಾರೆ. ಬಹುಪಾಲು ಪತ್ರಗಳು ದೆಹಲಿ ಕಾಣುವುದಿಲ್ಲ. ಇದಕ್ಕೆಲ್ಲ ಸಂಸದರ ಉದಾಸೀನವೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಆ ಪತ್ರಗಳನ್ನು ಓದಿ ನೋಡಿದರೆ, ಉತ್ಸಾಹಿ ಸಂಸದರೂ ಅವನ್ನು ಸದನದೊಳಗೆ ಒಯ್ಯಲಾರರು ಎಂಬುದು ಗೊತ್ತಾಗುತ್ತದೆ. ನಾಲ್ಕು ಪುಟದಲ್ಲಿ ಹನ್ನೆರಡು ಬೇಡಿಕೆ. ಅದರಲ್ಲಿ ಅರ್ಧ ರಾಜ್ಯ ಸರ್ಕಾರದ್ದು, ಕಾಲು ಭಾಗ ಜಿಲ್ಲಾ ಪಂಚಾಯಿತಿಯದ್ದು.

ಲೋಕಸಭೆಯ ನಿಯಮಗಳು ಬಿಗಿಯಾಗಿವೆ ನಿಜ. 543 ಕ್ಷೇತ್ರಗಳ ಅಹವಾಲು ಒಂದೇ ಸಭಾಂಗಣದಲ್ಲಿ ಕೇಳಿಸಬೇಕಾದರೆ ಬಿಗಿ ಇರಲೇಬೇಕು. ಆ ಬಿಗಿಯನ್ನು ಅರಿತು ಪತ್ರ ಬರೆದವರ ವಿಷಯ ಸದನ ಮುಟ್ಟುವ ಸಾಧ್ಯತೆ ಎಷ್ಟೋ ಪಾಲು ಹೆಚ್ಚು. ಹಾಗೆ ಬರೆಯುವುದು ಹೇಗೆಂದು ಮಲೆನಾಡಿನ ಅಡಿಕೆ ತೋಟಗಳಿಗೆ ಬಿದ್ದಿರುವ ಎಲೆಚುಕ್ಕಿ ರೋಗವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಮೊದಲು: ಇದು ಯಾರ ಕೆಲಸ?

ಸಂವಿಧಾನದ ಏಳನೇ ಅನುಸೂಚಿ ಕೇಂದ್ರದ ವಿಷಯ, ರಾಜ್ಯದ ವಿಷಯ, ಇಬ್ಬರಿಗೂ ಸೇರಿದ ವಿಷಯ ಎಂದು ಮೂರು ಪಟ್ಟಿ ಮಾಡಿದೆ. ಪೊಲೀಸ್ ಠಾಣೆಯ ದೌರ್ಜನ್ಯ, ತಾಲ್ಲೂಕು ಆಸ್ಪತ್ರೆಯ ವೈದ್ಯರ ಕೊರತೆ, ಜಿಲ್ಲಾ ಮುಖ್ಯರಸ್ತೆಯ ಗುಂಡಿ ರಾಜ್ಯದ ಪಾಲಿಗೆ ಬರುತ್ತವೆ. ಮುಖ್ಯವಾಗಿ ರಾಜ್ಯ ಸರ್ಕಾರಕ್ಕೆ ಸೇರಿದ ವಿಷಯವಾದರೆ ವಿಷಯ ಎತ್ತಲು ಸಂಸದರು ಕೊಡುವ ಲಿಖಿತ ಸೂಚನೆ ಲೋಕಸಭೆಯ ಸಚಿವಾಲಯದಲ್ಲೇ ತಿರಸ್ಕೃತವಾಗಬಹುದು. ಅಂಥ ವಿಷಯವನ್ನು ಶಾಸಕರ ಹತ್ತಿರ ಒಯ್ಯಬೇಕು. ನಮ್ಮ ವಿಧಾನಸಭೆಯಲ್ಲೂ ನಿಯಮ 60ರ ನಿಲುವಳಿ ಸೂಚನೆ, 69ರ ಚರ್ಚೆ, 73ರ ಗಮನ ಸೆಳೆಯುವ ಸೂಚನೆ ಇದ್ದೇ ಇವೆ.

ಎಲೆಚುಕ್ಕಿಯ ಮಾತಿಗೆ ಬಂದರೆ, ಕೃಷಿ ರಾಜ್ಯದ ಪಟ್ಟಿಯಲ್ಲಿದೆ. ಅಷ್ಟಕ್ಕೇ ಕೈಬಿಡಬೇಕಿಲ್ಲ. ಅಡಿಕೆಯ ಸಂಶೋಧನೆ ನಡೆಸುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಕಾಸರಗೋಡಿನಲ್ಲಿದೆ, ಅದರ ಪ್ರಾದೇಶಿಕ ಕೇಂದ್ರ ವಿಟ್ಲದಲ್ಲಿದೆ; ಎರಡೂ ಕೇಂದ್ರ ಸರ್ಕಾರದ ಅಧೀನದವು. ಹವಾಮಾನ ಆಧಾರಿತ ಬೆಳೆ ವಿಮೆಯ ಮಾರ್ಗಸೂಚಿ ಕೇಂದ್ರದ್ದು. ಹೊರದೇಶದ ಅಡಿಕೆಗೆ ಕನಿಷ್ಠ ಆಮದು ಬೆಲೆ ಕಟ್ಟುವುದೂ ಕೇಂದ್ರವೇ. 2023ರ ಫೆಬ್ರುವರಿಯಲ್ಲಿ ಅದನ್ನು ಕೆ.ಜಿ.ಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿದ್ದು ಕೇಂದ್ರ ಸರ್ಕಾರದ ಅಧಿಸೂಚನೆ. ಹಾಗಾಗಿ ‘ರೋಗಕ್ಕೆ ಔಷಧಿ ಹಂಚಿ’ ಎಂದು ಕೇಳಿದರೆ ಅದು ಬೆಂಗಳೂರಿನ ತೋಟಗಾರಿಕೆ ಇಲಾಖೆಯ ಕಡೆ ತಿರುಗುತ್ತದೆ. ‘ವಿಜ್ಞಾನಿಗಳ ತಂಡ ಕಳಿಸಿ’ ಎಂದು ಕೇಳಿದರೆ ಕೇಂದ್ರ ಕೃಷಿ ಸಚಿವರೇ ಉತ್ತರಿಸಬೇಕಾಗುತ್ತದೆ. ರೋಗ ಅದೇ, ತೋಟ ಅದೇ. ಬೇಡಿಕೆಯನ್ನು ಯಾರ ಮುಂದೆ ಇಡುತ್ತೇವೆ ಎಂಬುದರಲ್ಲಿ ಎಲ್ಲವೂ ಇದೆ.

ಎರಡನೆಯದು: ಯಾವ ನಿಯಮ?

ಹೆಚ್ಚಿನವರಿಗೆ ಗೊತ್ತಿರುವುದು ಶೂನ್ಯ ವೇಳೆ, ಅಂದರೆ ಸದಸ್ಯರು ತುರ್ತು ವಿಷಯಗಳನ್ನು ಎತ್ತುವ ಹೊತ್ತು. ವಿಚಿತ್ರವೆಂದರೆ ನಿಯಮಾವಳಿಯ ಪುಸ್ತಕದಲ್ಲಿ ಅದರ ಹೆಸರೇ ಇಲ್ಲ. ರೂಢಿಯಿಂದ ಬೆಳೆದು ನಿಂತ ಪದ್ಧತಿ ಅದು. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ, ಅದಾದ ಮೇಲೆ ಕಾಗದಪತ್ರ ಮಂಡನೆ, ಆಮೇಲೆ ಶೂನ್ಯ ವೇಳೆ. ರಾಜ್ಯಸಭೆಯಲ್ಲಿ ಉಲ್ಟಾ: 11ಕ್ಕೆ ಕಾಗದಪತ್ರ ಮಂಡನೆಯಾದ ಮೇಲೆ ಶೂನ್ಯ ವೇಳೆ, 12ಕ್ಕೆ ಪ್ರಶ್ನೋತ್ತರ. ಮಾತಾಡಬೇಕಾದ ಸದಸ್ಯರು ಮೊದಲೇ ಸೂಚನೆ ಕೊಟ್ಟಿರಬೇಕು. ಲೋಕಸಭೆಯಲ್ಲಿ ಬಂದ ಸೂಚನೆಗಳನ್ನು ಲಾಟರಿಗೆ ಹಾಕಿ ಕ್ರಮ ಗೊತ್ತುಮಾಡುತ್ತಾರೆ. ಸಾಮಾನ್ಯವಾಗಿ ಮೊದಲ 20 ಹೆಸರುಗಳಿಗೆ ಅವಕಾಶ, ಅದಕ್ಕಿಂತ ಹೆಚ್ಚು ಕೊಡುವುದು ಸ್ಪೀಕರ್ ವಿವೇಚನೆ. 2019ರ ಜುಲೈ 18ರಂದು ಸ್ಪೀಕರ್ ಓಂ ಬಿರ್ಲಾ ಶೂನ್ಯ ವೇಳೆಯನ್ನು ಸಂಜೆಯವರೆಗೂ ಎಳೆದು ನೂರೈವತ್ತಕ್ಕೂ ಹೆಚ್ಚು ಸದಸ್ಯರಿಗೆ ಮಾತಾಡಲು ಬಿಟ್ಟಿದ್ದರು. ಅಂಥ ದಿನ ಅಪರೂಪ. ಶೂನ್ಯ ವೇಳೆಯ ಕೊರತೆ ಏನೆಂದರೆ, ಸಚಿವರು ಆಗಲೇ ಎದ್ದುನಿಂತು ಉತ್ತರ ಕೊಡಬೇಕೆಂಬ ಕಟ್ಟುಪಾಡಿಲ್ಲ. ಮರುದಿನದ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ, ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ತುರ್ತಾಗಿ ಸದ್ದು ಮಾಡಬೇಕಾದ ವಿಷಯಕ್ಕೆ ಇದು ಸರಿ.

ನನ್ನ ಮಟ್ಟಿಗೆ ಸಾಮಾನ್ಯ ಜನರ ವಿಷಯಕ್ಕೆ ಹೇಳಿಮಾಡಿಸಿದಂತಿರುವುದು ನಿಯಮ 377. ಸದಸ್ಯರು 250 ಪದ ಮೀರದ ಲಿಖಿತ ಹೇಳಿಕೆ ಕೊಡಬೇಕು, ಒಪ್ಪಿಗೆಯಾದ ಪಠ್ಯವನ್ನು ಇದ್ದಂತೆಯೇ ಓದಬೇಕು, ನಡುವೆ ಬೇರೆ ಮಾತು ಸೇರಿಸುವಂತಿಲ್ಲ. ವಾರಕ್ಕೆ ಒಬ್ಬರಿಗೆ ಒಂದೇ ವಿಷಯ. ಇದರಲ್ಲಿ ಅಬ್ಬರ ಇಲ್ಲ, ಟಿ.ವಿ.ಯವರೂ ತೋರಿಸುವುದಿಲ್ಲ. ಆದರೆ ಪಠ್ಯ ಸಂಬಂಧಪಟ್ಟ ಸಚಿವಾಲಯಕ್ಕೆ ಹೋಗುತ್ತದೆ, ಆದಷ್ಟು ಮಟ್ಟಿಗೆ ತಿಂಗಳೊಳಗೆ ಸಚಿವರು ಸದಸ್ಯರಿಗೆ ಲಿಖಿತ ಉತ್ತರ ಕಳಿಸಬೇಕೆಂಬ ಕ್ರಮ ಇದೆ. ಇನ್ನೊಂದು ಲಾಭ ಹೆಚ್ಚು ಜನರಿಗೆ ಗೊತ್ತಿಲ್ಲ. ಗದ್ದಲದಿಂದ ಕಲಾಪ ಕೊಚ್ಚಿಹೋದ ದಿನವೂ 377ರ ಹೇಳಿಕೆಗಳನ್ನು ಸದನದಲ್ಲಿ ಮಂಡಿಸಲಾಗಿದೆ ಎಂದು ಪರಿಗಣಿಸಿ ಕಡತಕ್ಕೆ ಸೇರಿಸುವುದುಂಟು. ಶೂನ್ಯ ವೇಳೆ ಗದ್ದಲಕ್ಕೆ ಬಲಿಯಾದರೆ ಅವತ್ತಿನ ಸೂಚನೆ ಅವತ್ತಿಗೇ ಮುಗಿಯಿತು. ರಾಜ್ಯಸಭೆಯಲ್ಲಿ 377ಕ್ಕೆ ಸಮನಾದುದು ವಿಶೇಷ ಪ್ರಸ್ತಾಪ, ಅಲ್ಲೂ 250 ಪದಗಳ ಮಿತಿ.

ವಿಷಯ ಒಂದು ತಾಲ್ಲೂಕನ್ನು ಮೀರಿ ಬೆಳೆದಿದ್ದರೆ ನಿಯಮ 197, ಅಂದರೆ ಗಮನ ಸೆಳೆಯುವ ಸೂಚನೆ. 1954ರಿಂದ ಬಳಕೆಯಲ್ಲಿರುವ ಈ ಕ್ರಮ ಬ್ರಿಟಿಷರಿಂದ ಬಂದದ್ದಲ್ಲ, ನಮ್ಮ ಸಂಸತ್ತೇ ಕಂಡುಕೊಂಡದ್ದು. ಇಲ್ಲಿ ಸಚಿವರು ತಪ್ಪಿಸಿಕೊಳ್ಳುವಂತಿಲ್ಲ. ಎದ್ದು ಹೇಳಿಕೆ ಓದಬೇಕು, ಇಲ್ಲವೇ ಸಮಯ ಕೇಳಿ ಇನ್ನೊಂದು ದಿನ ಓದಬೇಕು. ಆಮೇಲೆ ಸೂಚನೆಯಲ್ಲಿ ಹೆಸರಿರುವ ಸದಸ್ಯರು, ಹೆಚ್ಚೆಂದರೆ ಐವರು, ಒಂದೊಂದು ಸ್ಪಷ್ಟೀಕರಣ ಕೇಳಬಹುದು. ಚರ್ಚೆ ಇಲ್ಲ, ಮತದಾನ ಇಲ್ಲ. ಆದರೂ ಸರ್ಕಾರದ ನಿಲುವು ಲಿಖಿತವಾಗಿ ದಾಖಲಾಗುತ್ತದೆ, ಅದನ್ನು ಹಿಡಿದುಕೊಂಡು ಮುಂದೆ ಕೋರ್ಟಿಗೂ ಹೋಗಬಹುದು, ಕಚೇರಿಗೂ ಹೋಗಬಹುದು. ಅಡಿಕೆ ಬೆಳೆಯುವ ಜಿಲ್ಲೆಗಳ ಸಂಸದರು ಪಕ್ಷ ಮರೆತು ಕೇರಳದ ಸಂಸದರ ಜೊತೆ ಸೇರಿ ಸೂಚನೆ ಕೊಟ್ಟರೆ ಅದಕ್ಕೆ ತೂಕ ಬರುತ್ತದೆ.

ಗಂಟೆಗಟ್ಟಲೆ ಚರ್ಚೆಯಾಗಬೇಕೆಂದರೆ ನಿಯಮ 193ರ ಅಲ್ಪಾವಧಿ ಚರ್ಚೆ ಇದೆ. ಸೂಚನೆಗೆ ಇನ್ನಿಬ್ಬರು ಸದಸ್ಯರ ಸಹಿ ಬೇಕು, ಕಾರಣ ವಿವರಿಸುವ ಟಿಪ್ಪಣಿ ಬೇಕು, ಕೊನೆಗೆ ಮತದಾನ ಇರುವುದಿಲ್ಲ.

ನಿಲುವಳಿ ಸೂಚನೆ ಎಂಬ ದೊಡ್ಡ ಅಸ್ತ್ರ

ಸುದ್ದಿಯಲ್ಲಿ ಹೆಚ್ಚು ಕೇಳಿಬರುವುದೂ, ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇದರ ಬಗ್ಗೆಯೇ. ನಿಯಮ 56ರ ನಿಲುವಳಿ ಸೂಚನೆ ಎಂದರೆ ಪಟ್ಟಿಯಲ್ಲಿರುವ ಎಲ್ಲ ಕೆಲಸ ಬದಿಗಿಟ್ಟು ಈ ಒಂದೇ ವಿಷಯ ಚರ್ಚಿಸಿ ಎಂಬ ಆಗ್ರಹ. ಅದು ಅಂಗೀಕಾರವಾದರೆ ಸರ್ಕಾರಕ್ಕೆ ಛೀಮಾರಿ ಹಾಕಿದಂತೆ. ಆದ್ದರಿಂದಲೇ ಷರತ್ತುಗಳು ಕಠಿಣ: ವಿಷಯ ಖಚಿತವಾಗಿರಬೇಕು, ಒಂದೇ ಆಗಿರಬೇಕು, ಇತ್ತೀಚೆಗೆ ನಡೆದದ್ದಾಗಿರಬೇಕು, ನ್ಯಾಯಾಲಯದ ಮುಂದೆ ಇರಬಾರದು, ಅದೇ ಅಧಿವೇಶನದಲ್ಲಿ ಚರ್ಚೆಯಾಗಿರಬಾರದು. ಅವತ್ತು ಬೆಳಿಗ್ಗೆ 10ರೊಳಗೆ ಲಿಖಿತ ಸೂಚನೆ ಸಲ್ಲಿಸಿರಬೇಕು. ಸ್ಪೀಕರ್ ಒಪ್ಪಿದ ಮೇಲೂ ಆಕ್ಷೇಪ ಬಂದರೆ ಕನಿಷ್ಠ 50 ಸದಸ್ಯರು ಎದ್ದುನಿಂತು ಬೆಂಬಲ ತೋರಿಸಬೇಕು. ಆಮೇಲೆ ಸಾಮಾನ್ಯವಾಗಿ ಸಂಜೆ 4ಕ್ಕೆ ಚರ್ಚೆ, ಕನಿಷ್ಠ ಎರಡೂವರೆ ಗಂಟೆ.

ರಾಜ್ಯಸಭೆಯಲ್ಲಿ ನಿಲುವಳಿ ಸೂಚನೆ ಇಲ್ಲ. ಅಲ್ಲಿ ನಿಯಮ 267ರಡಿ ಕಲಾಪ ಬದಿಗಿಡುವಂತೆ ಕೋರುತ್ತಾರೆ. 2016ರ ನವೆಂಬರ್‌ನಲ್ಲಿ ನೋಟು ರದ್ದತಿಯ ಚರ್ಚೆಗೆ ಇದರಡಿ ಅವಕಾಶ ಸಿಕ್ಕಿತ್ತು. ಅದಾದ ಮೇಲಿನ ವರ್ಷಗಳಲ್ಲಿ ಸೂಚನೆಗಳು ಕಂತೆಗಟ್ಟಲೆ ಬಂದವು, ತಿರಸ್ಕಾರವೂ ಹಾಗೆಯೇ ಆಯಿತು. ಇದು ಸರಿಯಲ್ಲ ಎಂದೇ ನಾನು ಭಾವಿಸುತ್ತೇನೆ. ನಿಯಮ ಪುಸ್ತಕದಲ್ಲಿದ್ದು ಬಳಕೆಗೆ ಸಿಗದಿದ್ದರೆ ಸದಸ್ಯರು ಫಲಕ ಹಿಡಿದು ಸದನದ ಬಾವಿಗೆ ಇಳಿಯುತ್ತಾರೆ, ಗದ್ದಲ ಆಗುತ್ತದೆ, ಅದರಲ್ಲಿ ಶೂನ್ಯ ವೇಳೆಯೂ ಹೋಗುತ್ತದೆ, ಮಲೆನಾಡಿನ ಅಡಿಕೆಯೂ ಹೋಗುತ್ತದೆ. ತಾಲ್ಲೂಕು ಮಟ್ಟದ ವಿಷಯ ಇಟ್ಟುಕೊಂಡವರು ಈ ಅಸ್ತ್ರದ ಆಸೆ ಬಿಟ್ಟು 377ರ ಹಾದಿ ಹಿಡಿಯುವುದೇ ಮೇಲು.

ಮೂರನೆಯದು: 250 ಪದ ಬರೆಯುವುದು

ಇಲ್ಲಿ ಸಂಘ ಸಂಸ್ಥೆಗಳು ನಿಜವಾಗಿ ಕೈಜೋಡಿಸಬಹುದು. ಕರಡು ತಯಾರಾಗಿ ಬಂದರೆ ಸಂಸದರ ಆಪ್ತ ಸಹಾಯಕರು ಅದನ್ನು ಖುಷಿಯಿಂದ ತೆಗೆದುಕೊಳ್ಳುತ್ತಾರೆ. ಸಾಮಾನ್ಯವಾಗಿ ಬರುವ ಮನವಿ ಹೀಗಿರುತ್ತದೆ:

‘ಮಲೆನಾಡಿನ ಅಡಿಕೆ ಬೆಳೆಗಾರರು ಎಲೆಚುಕ್ಕಿ ರೋಗದಿಂದ ತೀವ್ರ ಸಂಕಷ್ಟದಲ್ಲಿದ್ದು, ಸರ್ಕಾರವು ಕೂಡಲೇ ಸೂಕ್ತ ಕ್ರಮ ಕೈಗೊಂಡು ರೈತರ ಹಿತ ಕಾಪಾಡಬೇಕೆಂದು ಒತ್ತಾಯಿಸುತ್ತೇವೆ.’

ಇದಕ್ಕೆ ಸಚಿವಾಲಯದಿಂದ ಬರುವ ಉತ್ತರವೂ ಅಷ್ಟೇ ಸಪ್ಪೆ: ಸರ್ಕಾರ ರೈತರ ಹಿತಕ್ಕೆ ಬದ್ಧವಾಗಿದೆ. ಅದನ್ನೇ ಹೀಗೆ ಬರೆದು ನೋಡಿ:

‘ಶಿಲೀಂಧ್ರದಿಂದ ಬರುವ ಎಲೆಚುಕ್ಕಿ ರೋಗ ಮಳೆ ಗಾಳಿಯಲ್ಲಿ ತೋಟದಿಂದ ತೋಟಕ್ಕೆ ಹರಡುತ್ತಿದೆ. ಒಬ್ಬ ರೈತ ಮಾತ್ರ ಔಷಧಿ ಹೊಡೆದರೆ ಪಕ್ಕದ ತೋಟದಿಂದ ರೋಗ ಮರಳಿ ಬರುತ್ತದೆ. ಕೇಂದ್ರ ಕೃಷಿ ಸಚಿವರು ಮುಂದಿನ ಮುಂಗಾರಿಗೆ ಮೊದಲು ಕಾಸರಗೋಡಿನ ಸಂಶೋಧನಾ ಸಂಸ್ಥೆಯ ತಂಡವನ್ನು ಕಳಿಸಿ, ಇಡೀ ಹೋಬಳಿಗೆ ಒಟ್ಟಾಗಿ ನಿಯಂತ್ರಣ ಕ್ರಮ ರೂಪಿಸಬೇಕು.’

ಇದಕ್ಕೆ ಹೌದು ಅಥವಾ ಇಲ್ಲ ಎಂದೇ ಹೇಳಬೇಕಾಗುತ್ತದೆ. ಇದರ ಜೊತೆಗೆ ತೋಟಗಾರಿಕೆ ಇಲಾಖೆಯ ಸಮೀಕ್ಷೆಯ ಹೆಕ್ಟೇರ್ ಲೆಕ್ಕ, ಪಂಚಾಯಿತಿಗಳ ಹೆಸರು, ಈ ಮೊದಲು ಬರೆದ ಪತ್ರಗಳ ದಿನಾಂಕ ಲಗತ್ತಿಸಿ. ಪತ್ರಿಕಾ ವರದಿಯನ್ನೇ ಆಧಾರ ಮಾಡಿಕೊಳ್ಳಬೇಡಿ. ಸರ್ಕಾರದ್ದೇ ದಾಖಲೆಯಿದ್ದರೆ ಸಚಿವರು ಅಲ್ಲಗಳೆಯುವುದು ಕಷ್ಟ.

ಕೆಲವು ಮಾತು ಬಿಡಲೇಬೇಕು. ಕೋರ್ಟಿನಲ್ಲಿರುವ ಪ್ರಕರಣದ ವಿವರ, ನ್ಯಾಯಾಧೀಶರ ನಡವಳಿಕೆ, ವ್ಯಕ್ತಿಯ ಹೆಸರೆತ್ತಿ ಮಾಡುವ ಆರೋಪ ಬರಕೂಡದು. ಆರೋಪ ಮಾಡಲೇಬೇಕೆಂದರೆ ನಿಯಮ 353ರ ಪ್ರಕಾರ ಸದಸ್ಯರು ಸ್ಪೀಕರ್‌ಗೂ ಸಂಬಂಧಪಟ್ಟ ಸಚಿವರಿಗೂ ಮುಂಚಿತವಾಗಿ ತಿಳಿಸಿರಬೇಕು. ಇಲ್ಲವಾದರೆ ಆ ಸಾಲು ಕಡತದಿಂದ ಹೋಗುತ್ತದೆ.

ಕನ್ನಡದಲ್ಲೇ ಮಾತಾಡುವುದಕ್ಕೂ ಅಡ್ಡಿಯಿಲ್ಲ. ಹಿಂದಿ ಅಥವಾ ಇಂಗ್ಲಿಷಿನಲ್ಲಿ ಸರಿಯಾಗಿ ಹೇಳಲಾರದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಂವಿಧಾನದ 120ನೇ ವಿಧಿಯೇ ದಾರಿ ಬಿಟ್ಟಿದೆ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದರು. ಆಗ ಸ್ಪೀಕರ್ ಆಗಿದ್ದವರು ನೀಲಂ ಸಂಜೀವ ರೆಡ್ಡಿ. ಈಗ ಕನ್ನಡದಿಂದ ಏಕಕಾಲದ ಅನುವಾದದ ವ್ಯವಸ್ಥೆ ಇದೆ, ಮುಂಚಿತವಾಗಿ ತಿಳಿಸಿದರೆ ಸಾಕು. ಅಡಿಕೆಯ ಸಿಂಗಾರ, ಕೊಳೆ, ಕೊನೆಗೊಯ್ಲಿನ ಕಷ್ಟವನ್ನು ತಡವರಿಸುವ ಹಿಂದಿಯಲ್ಲಿ ಹೇಳುವುದಕ್ಕಿಂತ ಕನ್ನಡದಲ್ಲಿ ಗಟ್ಟಿಯಾಗಿ ಹೇಳುವುದು ಎಷ್ಟೋ ವಾಸಿ.

ನಾಲ್ಕನೆಯದು: ಸಮಯ

ವರ್ಷಕ್ಕೆ ಸಾಮಾನ್ಯವಾಗಿ ಮೂರು ಅಧಿವೇಶನ: ಬಜೆಟ್, ಮುಂಗಾರು, ಚಳಿಗಾಲ. ಅಧಿವೇಶನದ ದಿನಾಂಕ ಪ್ರಕಟವಾದ ವಾರದಲ್ಲೇ ಕರಡು ಸಂಸದರ ಕೈಯಲ್ಲಿರಬೇಕು. ಮೊದಲ ಲಾಟರಿಯಲ್ಲಿ ಹೆಸರು ಬರದಿದ್ದರೆ ಮತ್ತೆ ಸೂಚನೆ ಕೊಡಬೇಕು, ಬರುವವರೆಗೂ ಕೊಡುತ್ತಿರಬೇಕು. ಹಾಗೆ ಬಿಡದೆ ಕೊಡುವಂತೆ ನೆನಪಿಸುವುದು ನಿಮ್ಮ ಕೆಲಸ. ಫೋನ್ ಮಾಡಿ, ಬೇಸರಪಡದೆ ಮಾಡಿ.

ಸಂಸದರು ಕೈಕೊಟ್ಟರೆ? ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಸದಸ್ಯರಿದ್ದಾರೆ. ರಾಜ್ಯಸಭೆಯವರಿಗೆ ಕ್ಷೇತ್ರದ ಗಡಿ ಇಲ್ಲ, ಇಡೀ ರಾಜ್ಯದವರೂ ಅವರನ್ನು ಕೇಳಬಹುದು. ಅಲ್ಲಿ ಶೂನ್ಯ ವೇಳೆಯಲ್ಲಿ ಒಬ್ಬರಿಗೆ ಮೂರು ನಿಮಿಷ; ಹೊತ್ತು ಮುಗಿದರೆ ಮೈಕ್ ಬಂದ್. ಹಾಗಾಗಿ ಬೇಡಿಕೆಯನ್ನು ಕೊನೆಗೆ ಇಡದೆ ಮೊದಲ ನಿಮಿಷದಲ್ಲೇ ಹೇಳಿಸಿ. ಇದಲ್ಲದೆ ಲೋಕಸಭೆಗೆ ನೇರವಾಗಿ ನಾಗರಿಕರೇ ಅರ್ಜಿ ಬರೆಯಬಹುದು. ಒಬ್ಬ ಸದಸ್ಯರ ಮೇಲುಸಹಿಯೊಂದಿಗೆ ಅದು ಸದನದಲ್ಲಿ ಮಂಡನೆಯಾಗಿ ಅರ್ಜಿಗಳ ಸಮಿತಿಯ ಮುಂದೆ ಹೋಗುತ್ತದೆ.

ಐದನೆಯದು: ಮಾತಾಡಿದ ಮೇಲೆ

ಅರ್ಧಕ್ಕರ್ಧ ಜನ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಸದನದಲ್ಲಿ ಹೇಳಿದ್ದು ಅಚ್ಚಾದ ಕಲಾಪದಲ್ಲಿ ಸಿಗುತ್ತದೆ; ಸಂಸತ್ತಿನ ಜಾಲತಾಣದಿಂದ ಆ ಪುಟ ಇಳಿಸಿಕೊಂಡು ಪ್ರತಿ ತೆಗೆದಿಡಿ. 377ರ ವಿಷಯವಾದರೆ ತಿಂಗಳಾದ ಮೇಲೆ ಸಂಸದರ ಕಚೇರಿಯಲ್ಲಿ ಸಚಿವರ ಉತ್ತರದ ನಕಲು ಕೇಳಿ. ಉತ್ತರ ಬಂದಿಲ್ಲವೆಂದರೆ ನೆನಪಿನ ಪತ್ರ ಬರೆಸಿ. ಸಚಿವರು ಸದನದಲ್ಲಿ ‘ಪರಿಶೀಲಿಸುತ್ತೇವೆ’, ‘ಮಾಡಿಕೊಡುತ್ತೇವೆ’ ಎಂದಿದ್ದರೆ ಅದು ಭರವಸೆಯಾಗಿ ದಾಖಲಾಗಬಹುದು. ಅಂಥ ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕು, ಈಡೇರಿತೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ. ಗಡುವು ಮೀರಿದರೆ ಕಲಾಪದ ಆ ಪುಟವನ್ನು ಲಗತ್ತಿಸಿ ಸಮಿತಿಗೆ ಬರೆಯಿರಿ, ಜೊತೆಗೆ ಮುಂದಿನ ಅಧಿವೇಶನಕ್ಕೆ ಚುಕ್ಕೆ ಗುರುತಿನ ಪ್ರಶ್ನೆಯೊಂದನ್ನು (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ) ಸಿದ್ಧಮಾಡಿ ಸಂಸದರ ಕೈಗೆ ಕೊಡಿ.