ಎಂಜಿನ್‌ಎಕ್ಸ್‌ನಲ್ಲಿ ಭದ್ರತಾ ಹೆಡರ್‌ಗಳು ತಪ್ಪಿಹೋಗದಂತೆ ನೋಡಿಕೊಳ್ಳುವುದು

ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಬಳಸುವ ಸದಸ್ಯರು ದಯವಿಟ್ಟು ಒಂದು ವಿಷಯವನ್ನು ಇಂದೇ ಪರಿಶೀಲಿಸಿಕೊಳ್ಳಬೇಕೆಂದು ಕೋರುತ್ತೇನೆ. ಬ್ರೌಸರ್‌ಗೆ ಸುರಕ್ಷತಾ ಸೂಚನೆ ಕೊಡುವ ಭದ್ರತಾ ಹೆಡರ್‌ಗಳನ್ನು ಸರ್ವರ್ ಬ್ಲಾಕ್‌ನಲ್ಲಿ (ಇಡೀ ತಾಣದ ಸಂರಚನಾ ಭಾಗದಲ್ಲಿ) ‘ಆ್ಯಡ್ ಹೆಡರ್’ ಮೂಲಕ ಬರೆದಿದ್ದರೂ, ಒಳಗಿನ ಲೊಕೇಶನ್ ಬ್ಲಾಕ್‌ನಲ್ಲಿ (ನಿರ್ದಿಷ್ಟ ವಿಳಾಸಗಳ ಭಾಗದಲ್ಲಿ) ಕ್ಯಾಶ್‌ಗೆಂದು ಅದೇ ಆದೇಶವನ್ನು ಒಮ್ಮೆ ಬಳಸಿದರೆ ಸಾಕು, ಮೇಲಿನ ಹೆಡರ್‌ಗಳಲ್ಲಿ ಒಂದೂ ಸಾಮಾನ್ಯವಾಗಿ ಆ ಬ್ಲಾಕ್‌ಗೆ ಅನ್ವಯಿಸುವುದಿಲ್ಲ. ಯಾವ ದೋಷ ಸಂದೇಶವೂ ಬಾರದ ಕಾರಣ ಇದು ಗಮನಕ್ಕೇ ಬರುವುದಿಲ್ಲ. ಆದ್ದರಿಂದ ಹೆಡರ್‌ಗಳನ್ನೆಲ್ಲ ಪ್ರತ್ಯೇಕ ಕಡತದಲ್ಲಿಟ್ಟು, ಅಂಥ ಪ್ರತಿಯೊಂದು ಬ್ಲಾಕ್‌ನಲ್ಲೂ ‘ಇನ್‌ಕ್ಲೂಡ್’ ಮಾಡಿ. 404ರಂಥ ದೋಷ ಪುಟಗಳಿಗೂ ಅವು ಹೋಗಲು ಸಾಲಿನ ಕೊನೆಯಲ್ಲಿ ‘ಆಲ್ವೇಸ್’ ಸೇರಿಸಿ. ನಂತರ ಮುಖಪುಟವನ್ನಷ್ಟೇ ಅಲ್ಲದೆ ಒಂದು ಚಿತ್ರದ ವಿಳಾಸವನ್ನೂ ಕರ್ಲ್ ಎಂಬ ಆದೇಶಸಾಲಿನ ಸಾಧನದಿಂದ ಪರೀಕ್ಷಿಸಿ.

ತಾಣವನ್ನು ಎಚ್‌ಟಿಟಿಪಿಎಸ್‌ನಲ್ಲೇ ತೆರೆಯುವಂತೆ ಬ್ರೌಸರ್‌ಗೆ ಹೇಳುವ ಎಚ್‌ಎಸ್‌ಟಿಎಸ್ ಹೆಡರ್‌ನ ವಿಷಯದಲ್ಲಿ ಮಾತ್ರ ಅವಸರ ಬೇಡ. ಮೊದಲು ಅವಧಿಯನ್ನು 300 ಸೆಕೆಂಡುಗಳಿಗೆ ಇಟ್ಟು, ಉಪಡೊಮೇನ್‌ಗಳೆಲ್ಲವೂ ಎಚ್‌ಟಿಟಿಪಿಎಸ್‌ನಲ್ಲಿ ಸರಿಯಾಗಿ ತೆರೆಯುತ್ತವೆಂದು ಖಚಿತವಾದ ಮೇಲೆಯೇ 31536000ಕ್ಕೆ, ಅಂದರೆ ಒಂದು ವರ್ಷಕ್ಕೆ, ಏರಿಸುವುದು ಸೂಕ್ತ; ಏಕೆಂದರೆ ಬ್ರೌಸರ್ ಅದನ್ನು ಒಮ್ಮೆ ನೆನಪಿಟ್ಟುಕೊಂಡರೆ, ಪ್ರಮಾಣಪತ್ರದ ಅವಧಿ ಮುಗಿದಾಗ ಎಚ್ಚರಿಕೆಯನ್ನು ದಾಟಿ ಮುಂದುವರಿಯುವ ಅವಕಾಶವನ್ನೂ ಅದು ಬಳಕೆದಾರರಿಗೆ ಕೊಡುವುದಿಲ್ಲ.

ಅಂತರ್ಜಾಲ ಮಾನದಂಡಗಳನ್ನು ರೂಪಿಸುವ ಐಇಟಿಎಫ್ 2021ರಲ್ಲಿ ಕೈಬಿಟ್ಟ ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗೂಢಲಿಪೀಕರಣ ವಿಧಾನ) 1.0 ಮತ್ತು 1.1 ಆವೃತ್ತಿಗಳು ನಿಮ್ಮಲ್ಲಿ ಇನ್ನೂ ಉಳಿದಿದ್ದರೆ ತೆಗೆದುಹಾಕಿ. ಪ್ರತಿ ಬದಲಾವಣೆಯ ನಂತರ, ರಿಲೋಡ್ ಮಾಡುವ ಮುನ್ನ, ಸಂರಚನೆಯಲ್ಲಿ ತಪ್ಪಿದೆಯೇ ಎಂದು ಪರೀಕ್ಷಿಸುವ ‘ಎಂಜಿನ್‌ಎಕ್ಸ್ -ಟಿ’ ಆದೇಶವನ್ನು ತಪ್ಪದೆ ನಡೆಸಿ.